ಜನರಿಲ್ಲದ ಹಡಗಿಗೆ ಜವಾಬ್ದಾರರು ಯಾರು?

ಹಡಗು ತನ್ನಷ್ಟಕ್ಕೆ ತಾನೇ ಓಡೀತೇ ಅನ್ನುವ ಪ್ರಶ್ನೆ ಹಳೆಯದಾಯಿತು. ಓಡುತ್ತದೆ. ನಾರ್ವೆಯ ಯಾರಾ ಬಿರ್ಕೆಲಾಂಡ್ ಎಂಬ 80 ಮೀಟರ್ ಉದ್ದದ ಬ್ಯಾಟರಿ ಹಡಗನ್ನು ಸಿಬ್ಬಂದಿಯಿಲ್ಲದೆ ಸಾಗಲಿ ಅಂತಲೇ ಕಟ್ಟಿದ್ದು. 2022ರಲ್ಲಿ ಗೊಬ್ಬರದ ಕಂಟೇನರ್ ಹೊತ್ತು ಕೆಲಸ ಶುರು ಮಾಡಿತು, ಆದರೆ ಮೊದಮೊದಲು ಒಳಗೆ ಜನರನ್ನು ಇಟ್ಟುಕೊಂಡೇ. ಅದೇ ವರ್ಷ ಜಪಾನಿನವರು ಟೋಕಿಯೊ ಕೊಲ್ಲಿಯಂಥ ಗಿಜಿಗುಡುವ ನೀರಿನಲ್ಲಿ ಕಂಟೇನರ್ ಹಡಗೊಂದನ್ನು ಯಂತ್ರದ ಕೈಗೆ ಕೊಟ್ಟು ನೋಡಿದರು. ನಮ್ಮಲ್ಲೂ 2024ರ ಅಕ್ಟೋಬರ್ ಕೊನೆಯಲ್ಲಿ ಮಾತಂಗಿ ಅನ್ನುವ ಸ್ವಯಂಚಾಲಿತ ದೋಣಿ ಮುಂಬೈಯಿಂದ ತೂತ್ತುಕುಡಿಗೆ, ಸುಮಾರು 1500 ಕಿಲೋಮೀಟರ್ ಯಾನಕ್ಕೆ ಹೊರಟಿತು. ನಕ್ಷೆ ನೋಡಿ, ಆ ದಾರಿಯಲ್ಲಿ ಕಾರವಾರ, ಮಲ್ಪೆ, ಮಂಗಳೂರು ಸಿಗಲೇಬೇಕು.

ನನ್ನ ಪ್ರಶ್ನೆ ಬೇರೆ. ಹೆಚ್ಚುಕಮ್ಮಿ ಆದ ರಾತ್ರಿ ಯಾರನ್ನು ಕೇಳಬೇಕು?

"ಸಮುದ್ರವೇ ಇಲ್ಲದ ಬೆಂಗಳೂರಲ್ಲಿ ಕೂತು ನಿನಗ್ಯಾಕೋ ಹಡಗಿನ ಉಸಾಬರಿ" ಅಂತ ಆಫೀಸಿನ ಗೆಳೆಯನೊಬ್ಬ ಛೇಡಿಸಿದ. ಉಸಾಬರಿ ಇದೆ ಮಾರಾಯ. ಇಂಥ ಹಡಗಿಗೆ ಬೇಕಾದ ಪ್ರೋಗ್ರಾಂ ಬರೆಯುವುದು, ಪರೀಕ್ಷಿಸುವುದು ನಮ್ಮಂಥವರ ಕೆಲಸವೇ. ನಾಳೆ ದೂರದಿಂದ ಹಡಗು ನಡೆಸುವ ಕಂಟ್ರೋಲ್ ರೂಮು ಬಂದಾಗ ಅದು ಬಂದರಿನ ಪಕ್ಕದಲ್ಲೇ ಇರಬೇಕೆಂದೇನಿಲ್ಲ. ಇಂಟರ್ನೆಟ್ ಗಟ್ಟಿಯಾಗಿರುವ, ಎಂಜಿನಿಯರುಗಳು ಅಗ್ಗಕ್ಕೆ ಸಿಗುವ ಊರಿಗೆ ಬರುತ್ತದೆ. ವೈಟ್‌ಫೀಲ್ಡಿನ ಏಳನೇ ಮಹಡಿಯಲ್ಲಿ ಕೂತವರು ಅರಬ್ಬೀ ಸಮುದ್ರದಲ್ಲಿ ಹಡಗು ತಿರುಗಿಸುವ ದಿನ ನನಗಂತೂ ಬಹಳ ದೂರ ಕಾಣುವುದಿಲ್ಲ.

ಕಾನೂನು ನಿಧಾನವಾಗಿ ತೆವಳುತ್ತಿದೆ. ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಅಂದರೆ ಐಎಂಒ, ಈಗಿರುವ ಒಪ್ಪಂದಗಳಲ್ಲಿ ಏನೇನು ಬದಲಾಗಬೇಕು ಅನ್ನುವ ಪರಿಶೀಲನೆಯನ್ನು 2021ರಲ್ಲಿ ಮುಗಿಸಿತು. 2025ರ ಜೂನ್‌ನಲ್ಲಿ ತಿದ್ದಿದ ವೇಳಾಪಟ್ಟಿಯಂತೆ 2026ರ ಮೇ ತಿಂಗಳಿಗೆ ಇಂಥ ಹಡಗುಗಳಿಗೆ ಐಚ್ಛಿಕ ಸಂಹಿತೆ, ಅಂದರೆ ಇಷ್ಟವಿದ್ದವರು ಪಾಲಿಸುವ ನಿಯಮಾವಳಿ. ಅದರ ಅನುಭವ ನೋಡಿಕೊಂಡು ಕಡ್ಡಾಯ ಸಂಹಿತೆ ಜಾರಿಗೆ ಬರುವುದು 2032ರ ಜನವರಿ 1ಕ್ಕೆ. ಇಷ್ಟು ತಡವೇ ಅಂತ ಗೊಣಗುವವರಿದ್ದಾರೆ. ನನಗೆ ಈ ತಡವೇ ಸರಿ ಅನ್ನಿಸುತ್ತದೆ. ನಮ್ಮ ಮೆಟ್ರೋ ಹಳದಿ ಮಾರ್ಗವನ್ನೇ ನೋಡಿ: ಚಾಲಕರಿಲ್ಲದೆ ಓಡಬಲ್ಲ ರೈಲು, ಆದರೂ 2025ರ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಸಂಚಾರ ಶುರುವಾದಾಗ ಮುಂದೆ ಲೋಕೋ ಪೈಲಟ್ ಕೂತೇ ಇದ್ದರು. ಅದೂ ಕಂಬದ ಮೇಲಿನ ಹಳಿಯಲ್ಲಿ, ಎದುರಿಗೆ ಒಂದು ಬೀದಿನಾಯಿಯೂ ಬಾರದ ಕಡೆ.

ಸಮುದ್ರದಲ್ಲಿ ಎದುರಿಗೆ ಬರುವುದು ಏನು? 2021ರ ಏಪ್ರಿಲ್ 13ರ ನಡುರಾತ್ರಿ ದಾಟಿದ ಮೇಲೆ ಮಂಗಳೂರಿನಿಂದ ಪಶ್ಚಿಮಕ್ಕೆ, ದೂರದ ಕಡಲಿನಲ್ಲಿ, ಕೇರಳದ ಬೇಪೂರಿನ ಮೀನುಗಾರಿಕಾ ಬೋಟಿಗೂ ಸಿಂಗಪುರ ಧ್ವಜದ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಜನ. ಬದುಕಿದವರು ಇಬ್ಬರು. ಆ ಹಡಗಿನಲ್ಲಿ ಮನುಷ್ಯರೇ ಇದ್ದರು, ರಾಡಾರೂ ಇತ್ತು. ಹಾಗಾಗಿ ಮನುಷ್ಯ ಇದ್ದರೆ ಸಾಕು ಅನ್ನುವ ವಾದವನ್ನು ನಾನು ಹೂಡುತ್ತಿಲ್ಲ. 2020ರಲ್ಲಿ ಮಾರಿಷಸ್ ಹವಳದ ದಿಬ್ಬಕ್ಕೆ ಬಡಿದ ವಾಕಾಶಿಯೊ ಹಡಗು ದಡದ ಹತ್ತಿರ ಬಂದದ್ದು ಮೊಬೈಲ್ ಸಿಗ್ನಲ್ ಹುಡುಕಿಕೊಂಡು! ಯಂತ್ರಕ್ಕೆ ಆ ಚಪಲವಂತೂ ಇರುವುದಿಲ್ಲ.

ಆದರೆ ಯಂತ್ರಕ್ಕೆ ಕಲಿಸುವವರು ಯಾವ ಸಮುದ್ರವನ್ನು ತೋರಿಸಿ ಕಲಿಸುತ್ತಿದ್ದಾರೆ ಅನ್ನುವುದು ನನ್ನ ಚಿಂತೆ. ದೊಡ್ಡ ಹಡಗುಗಳು ಎಐಎಸ್ ಎಂಬ ರೇಡಿಯೋ ಸಾಧನದಿಂದ ತಮ್ಮ ಗುರುತು, ಜಾಗ, ವೇಗ ಸಾರುತ್ತಲೇ ಇರುತ್ತವೆ. ನಾಡದೋಣಿ ಏನನ್ನೂ ಸಾರುವುದಿಲ್ಲ. ಮಳೆಗಾಲದ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಕರಾವಳಿಯ ಬೋಟುಗಳೆಲ್ಲ ಒಟ್ಟಿಗೇ ಕಡಲಿಗಿಳಿಯುತ್ತವೆ. ಮರದ್ದು, ಫೈಬರಿನದು, ಉಬ್ಬರದ ಅಲೆಗಳ ನಡುವೆ ರಾಡಾರಿಗೆ ಮಸುಕಾಗಿ ಕಾಣುವಂಥವು, ಹಿಂದೆ ಮಾರುದ್ದ ಬಲೆ ಎಳೆಯುವಂಥವು. 1972ರ ಡಿಕ್ಕಿ ತಡೆ ನಿಯಮಗಳ ಪ್ರಕಾರ ಮೀನು ಹಿಡಿಯುತ್ತಿರುವ ಬೋಟಿಗೆ ಎಂಜಿನ್ನಿನಿಂದ ಓಡುವ ಹಡಗು ದಾರಿ ಬಿಡಬೇಕು. ಬಿಡಬೇಕಾದರೆ ಮೊದಲು ಅದು ಬೋಟು ಅಂತ ಗೊತ್ತಾಗಬೇಕಲ್ಲ? ನಾರ್ವೆಯ ಶಾಂತ ಕೊಲ್ಲಿಯಲ್ಲಿ ಪಾಸಾದ ಪ್ರೋಗ್ರಾಂಗೆ ಗಂಗೊಳ್ಳಿಯ ಮುಂದೆ ಮತ್ತೆ ಪರೀಕ್ಷೆ ಇಡಬೇಕು, ಬೇರೆ ದಾರಿಯಿಲ್ಲ.

ಇಲ್ಲಿ ನಮ್ಮ ಕೈಯಲ್ಲೇ ಒಂದು ಅಸ್ತ್ರ ಇದೆ. ಕೇಂದ್ರ ಸರ್ಕಾರ 2024ರಲ್ಲಿ 364 ಕೋಟಿ ರೂಪಾಯಿಯಲ್ಲಿ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್, ಅಂದರೆ ದೋಣಿ ಇರುವ ಜಾಗವನ್ನು ಉಪಗ್ರಹದ ಮೂಲಕ ತಿಳಿಸುವ ಸಾಧನ, ಹಾಕುವ ಯೋಜನೆ ಶುರು ಮಾಡಿತು. ತಂತ್ರಜ್ಞಾನ ಇಸ್ರೋದ್ದು, ಅಂದರೆ ನಮ್ಮೂರಿನದೇ. ಆ ದೋಣಿಗಳ ಜಾಗ ನಡೆಸುವವರಿಲ್ಲದ ಹಡಗಿನ ಗಣಕಕ್ಕೂ ತಕ್ಷಣ ಸಿಗಬೇಕು. ಸಿಗದಿದ್ದರೆ ನಮ್ಮ ನೀರಿನಲ್ಲಿ ಅಂಥ ಹಡಗಿಗೆ ಪ್ರವೇಶ ಬೇಡ. ಆದರೆ ಉಪಗ್ರಹವನ್ನೇ ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಜಿಪಿಎಸ್ ಸಂಕೇತವನ್ನು ಕೆಡಿಸುವುದು ಈಗ ಮಾಮೂಲಾಗಿದೆ. ಇರಾನ್ ಬಳಿಯ ಹಾರ್ಮುಜ್ ಜಲಸಂಧಿಯ ಕಡೆ ತಪ್ಪು ಜಾಗ ತೋರಿಸುವ ಹಡಗುಗಳ ಸುದ್ದಿ 2025ರಲ್ಲಿ ಎಷ್ಟು ಬಂತು.

ಇನ್ನು ಡಾಲಿ. 2024ರ ಮಾರ್ಚ್ 26ರಂದು ಬಾಲ್ಟಿಮೋರ್‌ನಲ್ಲಿ ವಿದ್ಯುತ್ ಹೋಗಿ ಸೇತುವೆಗೆ ಬಡಿದ ಹಡಗು. ಸಿಬ್ಬಂದಿಯಲ್ಲಿ ಹೆಚ್ಚಿನವರು ನಮ್ಮ ಭಾರತೀಯರು. ಸೇತುವೆಯ ಮೇಲೆ ಕೆಲಸ ಮಾಡುತ್ತಿದ್ದ ಆರು ಜನ ಸತ್ತರು. ಹಡಗಿನ ಪೈಲಟ್ ಕೊಟ್ಟ ಅಪಾಯದ ಕರೆಯಿಂದ ಪೊಲೀಸರು ವಾಹನ ತಡೆದರು, ಇಲ್ಲದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು. ಆಮೇಲೆ ತನಿಖೆಯಲ್ಲಿ ಗೊತ್ತಾದದ್ದು ಏನು? ಸಡಿಲವಾಗಿದ್ದ ಒಂದು ವೈರ್. ಅಷ್ಟು ದೊಡ್ಡ ಹಡಗು, ಒಂದು ವೈರ್! ಕತ್ತಲಲ್ಲಿ ಕೆಳಗಿಳಿದು ಬ್ರೇಕರ್ ಹಾಕುವ ಕೈಯೇ ಹಡಗಿನಲ್ಲಿ ಇಲ್ಲದಿದ್ದರೆ, ಎಲ್ಲದಕ್ಕೂ ಎರಡನೆಯದೊಂದು, ಕೆಲವದಕ್ಕೆ ಮೂರನೆಯದೊಂದು ವ್ಯವಸ್ಥೆ ಇರಲೇಬೇಕು. ಆ ಖರ್ಚನ್ನು ಉಳಿಸಿದ ಸಂಬಳದ ಲೆಕ್ಕದಲ್ಲಿ ಮುಚ್ಚಿಡಬಾರದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2025ರ ಜೂನ್‌ನಲ್ಲಿ ಕೇರಳದಾಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದಾಗ 22 ಜನರಲ್ಲಿ 18 ಮಂದಿಯನ್ನು ಐಎನ್‌ಎಸ್ ಸೂರತ್ ನವಮಂಗಳೂರು ಬಂದರಿಗೆ ತಂದಿತು. ನಾಲ್ವರು ಕಾಣೆಯಾದರು. ಅದರಲ್ಲಿ ಯಾರೂ ಇಲ್ಲದಿದ್ದರೆ ಆ ನಾಲ್ಕು ಮನೆಗಳಿಗೆ ಆ ಗತಿ ಬರುತ್ತಿರಲಿಲ್ಲ. ಇದಕ್ಕೆ ನನ್ನಲ್ಲಿ ಮರುಮಾತಿಲ್ಲ. ಆದರೆ ಮುಳುಗುತ್ತಿರುವವರು ಕಂಡರೆ ಹತ್ತಿರದ ಹಡಗು ನೆರವಿಗೆ ಹೋಗಬೇಕು ಅನ್ನುವುದು ಕಡಲಿನ ಕಾನೂನು. ಖಾಲಿ ಹಡಗು ಹೋಗಿ ಏನು ಮಾಡೀತು? ಹಗ್ಗ ಯಾರು ಎಸೆಯುತ್ತಾರೆ?

ಎಷ್ಟೇ ಸ್ವಯಂಚಾಲಿತವಾಗಿರಲಿ, ಹಡಗಿಗೆ ಒಬ್ಬ ಮನುಷ್ಯ ಮಾಸ್ಟರ್ ಇರಲೇಬೇಕು, ಆದರೆ ಹಡಗಿನ ಮೇಲೇ ಇರಬೇಕಿಲ್ಲ ಅನ್ನುವುದನ್ನು ಐಎಂಒ ಚರ್ಚೆಗಳಲ್ಲಿ ಒಪ್ಪಿಕೊಂಡಿದ್ದಾರೆ. ಒಳ್ಳೆಯದು. ಹಾಗಾದರೆ ಆ ಮಾಸ್ಟರ್ ಹೆಸರಿಗೆ ಮಾತ್ರ ಕ್ಯಾಪ್ಟನ್ ಆಗಬಾರದು. ಸಮುದ್ರ ಕಂಡು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆದವರೇ ಆ ಕುರ್ಚಿಯಲ್ಲಿ ಕೂರಬೇಕು. ಒಬ್ಬರ ತಲೆಗೆ ಹತ್ತು ಹಡಗು ಕಟ್ಟಬಾರದು. ನಮ್ಮ ಕೋಸ್ಟ್ ಗಾರ್ಡ್ ಕರೆದರೆ ಅವರೇ ಉತ್ತರ ಕೊಡಬೇಕು. "ನಿಮ್ಮ ಕರೆ ನಮಗೆ ಮುಖ್ಯ" ಅನ್ನುವ ಧ್ವನಿಮುದ್ರಿಕೆ ಅಲ್ಲ. ಹಡಗಿನಲ್ಲಿ ಕೆಲಸ ಮಾಡುವವರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಅಂತ ಅಂತರರಾಷ್ಟ್ರೀಯ ನಿಯಮವಿದೆ. ಅದು ಕಂಟ್ರೋಲ್ ರೂಮಿಗೂ ಅಕ್ಷರಶಃ ಅನ್ವಯಿಸಬೇಕು. ಈ ಊರಿನ ನೈಟ್ ಶಿಫ್ಟ್, ಅದರ ಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಎರಡನ್ನೂ ಕಂಡವನಾಗಿ ಹೇಳುತ್ತಿದ್ದೇನೆ.

ಮಲ್ಪೆ, ಗಂಗೊಳ್ಳಿ, ತದಡಿ ಕಡೆಯ ತಂಡೇಲರು, ಅಂದರೆ ಬೋಟು ನಡೆಸುವವರು, ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾಹಿತಿ ಬೇಕು. ನಿಯಮದಲ್ಲಿ ಟ್ರಾಲ್ ಬೋಟಿಗೆ ಬಿಳಿಯ ಮೇಲೆ ಹಸಿರು ದೀಪ, ಬೇರೆ ಬಲೆಯವರಿಗೆ ಬಿಳಿಯ ಮೇಲೆ ಕೆಂಪು ಅಂತಿದೆ. ರಾತ್ರಿ ಬಲೆ ಬಿಟ್ಟಾಗ ನಿಜಕ್ಕೂ ನೀವು ಯಾವ ದೀಪ ಹಚ್ಚುತ್ತೀರಿ? ಫೋಟೋ ಇದ್ದರೆ ಹಾಕಿ.