ಅಪ್ಪಿಕೊಳ್ಳೋಕೂ ಲೈಸೆನ್ಸ್ ಇದ್ಯೇನ್ರೀ?

ನಮ್ಮ ಭಾವ ಅರ್ಜೆಂಟೀನಾಗೆ ಹೋಗಿದಾರೆ. ಫ್ಯಾಮಿಲಿ ಗ್ರೂಪಲ್ಲಿರೋ ಎಲ್ರಿಗೂ ಇದು ಬೆಳಗ್ಗೆ ಐದೂವರೆಗೇ ಗೊತ್ತಾಯ್ತು, ಯಾಕಂದ್ರೆ ಫೋನು ಹದಿನೇಳು ಸಲ ಟಿಣ್ ಅಂತು. ಹದಿನೇಳು ಫೋಟೋ, ಹದಿನೇಳರಲ್ಲೂ ಒಂದೇ ಸೀನು. ಹಿಂದೆ ಹಳದಿ ನೀಲಿ ಬಣ್ಣದ ತಗಡಿನ ಮನೆ, ಮುಂದೆ ಕೆಂಪು ಗೌನಿನ ಹೆಂಗಸು, ಆಕೆಯ ಕಾಲು ಭಾವನ ಸೊಂಟದ ಮೇಲೆ, ಭಾವನ ತಲೆ ಮೇಲೆ ಬಾಡಿಗೆ ಹ್ಯಾಟು, ಮುಖದಲ್ಲಿ ಬಿಪಿ ಚೆಕ್ ಮಾಡಿಸ್ಕೊಳ್ಳೋರ ಕಳೆ. ಕೆಳಗೆ ಕ್ಯಾಪ್ಷನ್: "ಅಪ್ಪಟ ಟ್ಯಾಂಗೋ. ಯುನೆಸ್ಕೋ ಪರಂಪರೆ." ಅಕ್ಕ ಒಂದು ಥಂಬ್ಸಪ್ ಹಾಕಿದಾಳೆ. ಬರೀ ಥಂಬ್ಸಪ್ಪು. ಮದುವೆಯಾದೋರಿಗೆ ಅದರ ಅರ್ಥ ಬಿಡಿಸಿ ಹೇಳ್ಬೇಕಿಲ್ಲ.

ಆ ತಗಡಿನ ಬೀದಿ ನೀವೂ ನೋಡಿರ್ತೀರಾ, ಅರ್ಜೆಂಟೀನಾ ಅಂತ ಹುಡುಕಿದ್ರೆ ಮೆಸ್ಸಿ ಆದ್ಮೇಲೆ ಬರೋದೇ ಅದು. ಬ್ಯೂನಸ್ ಐರಿಸ್‌ನ ಲಾ ಬೋಕಾದಲ್ಲಿರೋ ಕಮಿನೀತೋ. ಮುಂಚೆ ರೈಲು ಓಡ್ತಿದ್ದು ಆಮೇಲೆ ಪಾಳುಬಿದ್ದ ಗಲ್ಲಿ, ಕಿನ್ಕೇಲಾ ಮಾರ್ಟಿನ್ ಅನ್ನೋ ಅದೇ ಏರಿಯಾದ ಪೇಂಟರ್ ಹಠ ಹಿಡಿದು ಬಣ್ಣ ಹೊಡೆಸಿ 1959ರಲ್ಲಿ ಬೀದಿ ಮ್ಯೂಸಿಯಂ ಮಾಡಿಸ್ದ. ಒಳ್ಳೇ ಮನುಷ್ಯ, ಅವನ ಮೇಲೆ ನನ್ನ ತಕರಾರೇನಿಲ್ಲ. ಹೆಸರು ಬಂದಿದ್ದು ಒಂದು ಟ್ಯಾಂಗೋ ಹಾಡಿಂದ. ಟ್ಯೂನ್ ಹಾಕಿದೋನು ಲಾ ಬೋಕಾದೋನೇ ಸರಿ, ಆದ್ರೆ ಸಾಹಿತ್ಯ ಬರೆದ ಕವಿ ನೆನೆಸ್ಕೊಂಡಿದ್ದು ನೂರಾರು ಕಿಲೋಮೀಟರ್ ಆಚೆ ಲಾ ರಿಯೋಹಾ ಪ್ರಾಂತ್ಯದ ಒಂದು ಹಳ್ಳಿ ಕಾಲುದಾರಿ. ಅಂದ್ರೆ ತೀರ್ಥಹಳ್ಳಿ ಕಡೆ ಕಾಡುದಾರಿ ನೆನೆಸ್ಕೊಂಡು ಯಾರೋ ಹಾಡು ಬರೆದ್ರೆ, ಅದರ ಬೋರ್ಡ್ ತಂದು ಚಿಕ್ಕಪೇಟೆ ಸಂದೀಲಿ ನೇತಾಕಿ ಟೂರಿಸ್ಟ್ ಬಸ್ ನಿಲ್ಸೋ ತರ. ಭಾವ ಆ ದಾರೀಲಿ ನಿಂತು ಭಾವುಕರಾದ್ರಂತೆ.

ಇರಲಿ. ಆ ದೇಶದೋರನ್ನ ಮೆಚ್ಚಲೇಬೇಕು ಕಣ್ರೀ, ಸಂಸ್ಕೃತಿ ಅಂದ್ರೆ ಅವ್ರಿಗೆ ಪ್ರಾಣ. 1996ರಲ್ಲಿ ಟ್ಯಾಂಗೋ ನಮ್ಮ ಪರಂಪರೆ ಅಂತ ದೇಶದ ಕಾನೂನು. ಸಾಲ್ದು ಅಂತ 1998ರಲ್ಲಿ ಬ್ಯೂನಸ್ ಐರಿಸ್ ನಗರದ ಬೇರೆ ಕಾನೂನು. 2007ರಲ್ಲಿ ಶ್ರೀಮಂತರ ಏರಿಯಾ ಪ್ವೆರ್ಟೋ ಮಡೇರೋದಲ್ಲಿ ಸ್ಟೀಲಿಂದು ಟ್ಯಾಂಗೋ ಸ್ಮಾರಕ. ಟ್ಯಾಂಗೋ ಹುಟ್ಟಿದ್ದು ಬಡವರ ವಠಾರದಲ್ಲಿ, ಸ್ಮಾರಕ ಎದ್ದಿದ್ದು ಸ್ಕ್ವೇರ್ ಫೀಟಿಗೆ ಅತಿ ಹೆಚ್ಚು ರೇಟ್ ಇರೋ ಕಡೆ, ಸಹಜ ತಾನೇ. 2009ರಲ್ಲಿ ಉರುಗ್ವೆ ಜೊತೆ ಸೇರ್ಕೊಂಡು ಯುನೆಸ್ಕೋ ಪಟ್ಟಿ. ಪ್ರತೀ ಆಗಸ್ಟಲ್ಲಿ ವಿಶ್ವ ಚಾಂಪಿಯನ್‌ಶಿಪ್ ಬೇರೆ, ಅಲ್ಲಿ ತೀರ್ಪುಗಾರರು ಕೂತು ಜೋಡಿಗಳ ಅಪ್ಪುಗೆಗೂ ಮಾರ್ಕ್ಸ್ ಹಾಕ್ತಾರೆ. ಹತ್ತಕ್ಕೆ ಎಂಟೂವರೆ ಅಪ್ಪುಗೆ! ನಮ್ಮ ಮನೇಲಿ ಅಷ್ಟು ಬಂದ್ರೆ ಫ್ರೇಮ್ ಹಾಕಿಸ್ಕೋತೀನಿ.

ಇಷ್ಟೆಲ್ಲ ಪ್ರೀತಿ ಮಾಡೋರ ಅಜ್ಜಂದಿರು ಏನ್ ಮಾಡ್ತಿದ್ರು ಗೊತ್ತಾ? ಮೂಗು ಮುಚ್ಕೋತಿದ್ರು. ಲುಗೋನೆಸ್ ಅನ್ನೋ ಅವರ ದೊಡ್ಡ ಕವಿ ಟ್ಯಾಂಗೋನ ವೇಶ್ಯಾಗೃಹದ ಸರೀಸೃಪ ಅಂತ ಬೈದಿದ್ದ. ಬಂದರಲ್ಲಿ ಇಳಿದ ಇಟಲಿ ಕೂಲಿಗಳು, ಗುಲಾಮರ ಮಕ್ಕಳು ಮೊಮ್ಮಕ್ಕಳು, ಹಳ್ಳಿ ಬಿಟ್ಟು ಬಂದೋರು, ಇವರೆಲ್ಲ ಒಂದೇ ಅಂಗಳದಲ್ಲಿ ಕುಣಿದಿದ್ದನ್ನ ದೊಡ್ಡ ಮನೆಯೋರು ಮುಟ್ತಿರ್ಲಿಲ್ಲ. ಆಮೇಲೆ ಏನಾಯ್ತಪ್ಪಾ ಅಂದ್ರೆ 1912-13ರ ಹೊತ್ತಿಗೆ ಪ್ಯಾರಿಸ್ಸಿಗೆ ಟ್ಯಾಂಗೋ ಹುಚ್ಚು ಹಿಡೀತು. ಜರ್ಮನಿಯ ಕೈಸರ್ ಯೂನಿಫಾರ್ಮ್ ಹಾಕೊಂಡು ಟ್ಯಾಂಗೋ ಆಡಬಾರ್ದು ಅಂತ ತನ್ನ ಆಫೀಸರ್‌ಗಳಿಗೆ ಆರ್ಡರ್ ಮಾಡ್ದ, 1914ರಲ್ಲಿ ಪ್ಯಾರಿಸ್ಸಿನ ಆರ್ಚ್‌ಬಿಷಪ್ ಇದನ್ನ ಆಡೋದೇ ಪಾಪಕಾರ್ಯ ಅಂದ್ರು. ಇದಕ್ಕಿಂತ ಪ್ರಚಾರ ಬೇಕಾ? ಪ್ಯಾರಿಸ್ಸೇ ಒಪ್ಪಿದ ಮೇಲೆ ಬ್ಯೂನಸ್ ಐರಿಸ್‌ನ ದೊಡ್ಡ ಮನೆಯೋರು "ಅಯ್ಯೋ ಇದು ನಮ್ದೇ ಕಣ್ರೀ" ಅಂತ ಎದ್ದು ಬಂದ್ರು. ಫಾರಿನ್ನಲ್ಲಿ ಯೋಗ ಅಂದ್ಮೇಲೆ ಮ್ಯಾಟ್ ತಗೊಂಡ ನಾವು ನಗೋ ಹಾಗಿಲ್ಲ, ಸುಮ್ನೆ ಹೇಳ್ದೆ. ಯುನೆಸ್ಕೋ ಕಾಗದದಲ್ಲಿ ಆಫ್ರಿಕನ್ ಗುಲಾಮರ ವಂಶದೋರ ಹೆಸರು ಇದೆ, ಮರ್ಯಾದೆಯಾಗೇ ಇದೆ. ಟೂರಿಸ್ಟ್ ಪೋಸ್ಟರ್‌ಗಳಲ್ಲಿ ಮಾತ್ರ ನನ್ನ ಕಣ್ಣಿಗೆ ಒಂದು ಕಪ್ಪು ಮುಖಾನೂ ಬೀಳ್ಲಿಲ್ಲ.

ಇನ್ನು ಉರುಗ್ವೆ ಜೊತೆ ಜಗಳ. ಮೈಸೂರ್ ಪಾಕ್ ತಮಿಳುನಾಡಿಗೆ ಹೋಯ್ತಂತೆ ಅಂತ ಯಾರೋ ಜೋಕ್ ಮಾಡಿದ್ದಕ್ಕೇ ನಾವು ಒಂದು ವಾರ ತುಪ್ಪದಲ್ಲಿ ಬೆಂದಿದ್ವಲ್ಲ, ಅವ್ರದ್ದು ನೂರು ವರ್ಷದ ಪಾಕ. ಟ್ಯಾಂಗೋ ಹಾಡುಗಾರರ ದೇವರು ಕಾರ್ಲೋಸ್ ಗಾರ್ಡೆಲ್ ಹುಟ್ಟಿದ್ದು ಫ್ರಾನ್ಸಿನ ತುಲೂಸ್ ಅಂತ ಒಂದು ಗುಂಪು, ಇಲ್ಲ ನಮ್ಮ ತಕುಆರೆಂಬೋ ಅಂತ ಉರುಗ್ವೆ, ಬೆಳೆಸಿದೋರು ನಾವು ಅಂತ ಬ್ಯೂನಸ್ ಐರಿಸ್. ಆ ಪುಣ್ಯಾತ್ಮ 1920ರಲ್ಲಿ ತಾನೇ ಉರುಗ್ವೆ ಕಾನ್ಸುಲೇಟಿಗೆ ಹೋಗಿ ತಕುಆರೆಂಬೋ ಅಂತ ಬರೆಸಿ ಬಂದ. ಮೊದಲನೇ ಮಹಾಯುದ್ಧದ ಟೈಮಲ್ಲಿ ಫ್ರಾನ್ಸ್ ಸೈನ್ಯಕ್ಕೆ ಹೋಗದೆ ಇದ್ದಿದ್ದಕ್ಕೆ ಈ ಉಪಾಯ ಅಂತ ಒಂದು ವಾದ. 1935ರಲ್ಲಿ ಕೊಲಂಬಿಯಾದ ಮೆಡೆಯಿನ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡ, ಇಲ್ದಿದ್ರೆ ಇಷ್ಟೊತ್ತಿಗೆ ಮೂರು ದೇಶದ ಆಧಾರ್ ಲಿಂಕ್ ಮಾಡಿಸ್ತಿದ್ದ. ಹಾಡುಗಳಲ್ಲಿ ಲಾ ಕುಂಪರ್ಸೀತಾ ಬರೆದೋನು ಉರುಗ್ವೆ ಹುಡುಗ, ಅದನ್ನ 1998ರಲ್ಲಿ ಆ ದೇಶ ಕಾನೂನು ಮಾಡಿ ತನ್ನ ಜನಗೀತೆ ಅಂತ ಘೋಷಿಸ್ತು. ಎರಡು ವರ್ಷ ಆದ್ಮೇಲೆ ಸಿಡ್ನಿ ಒಲಿಂಪಿಕ್ಸಲ್ಲಿ ಅರ್ಜೆಂಟೀನಾ ಟೀಮು ಅದೇ ಹಾಡಿಗೆ ಮೆರವಣಿಗೆ ಬಂತು. ಉರುಗ್ವೆ ಸರ್ಕಾರ ಅಧಿಕೃತವಾಗಿ ಪ್ರತಿಭಟನೆ ಸಲ್ಲಿಸ್ತು. ಅಷ್ಟಾದ್ಮೇಲೂ ಯುನೆಸ್ಕೋಗೆ ಹೋಗುವಾಗ ಇಬ್ರೂ ಒಂದೇ ಅರ್ಜಿಗೆ ಸೈನ್ ಹಾಕಿದ್ರು ನೋಡಿ, ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದ ಮೇಲೂ ಅಮ್ಮನ ಪಿಂಚಣಿಗೆ ಮಾತ್ರ ಒಟ್ಟಿಗೆ ಬ್ಯಾಂಕಿಗೆ ಹೋಗ್ತಾರಲ್ಲ ಹಾಗೆ.

ನಾನೂ ಆಫೀಸ್ ಕೆಲಸದ ಮೇಲೆ ಮೂರು ತಿಂಗಳು ಆ ಊರಲ್ಲಿದ್ದೆ, ಅದಕ್ಕೇ ಇಷ್ಟು ಉರಿ. ಮೊದಲ ವಾರ ಕಂಪನಿಯೋರು ಡಿನ್ನರ್ ಶೋಗೆ ಕರ್ಕೊಂಡು ಹೋದ್ರು. ಎಲ್ರ ತಟ್ಟೇಲೂ ಇಟ್ಟಿಗೆ ಸೈಜಿನ ಮಾಂಸ, ನನ್ನ ತಟ್ಟೇಲಿ ಎರಡು ಎಲೆ ಒಂದು ಟೊಮೇಟೊ. ಸ್ಟೇಜ್ ಮೇಲೆ ಗಿರಗಿಟ್ಲೆ ತರ ತಿರುಗ್ತಾರೆ, ಒದೀತಾರೆ, ಬಾಯಲ್ಲಿ ಗುಲಾಬಿ, ಮಧ್ಯ ಒಬ್ಬ ದನ ಕಾಯೋರ ವೇಷದಲ್ಲಿ ಬಂದು ಹಗ್ಗಕ್ಕೆ ಕಲ್ಲು ಕಟ್ಟಿ ಬೀಸ್ದ. ಅದಕ್ಕೂ ಟ್ಯಾಂಗೋಗೂ ಏನ್ ಸಂಬಂಧ ಅಂದ್ರೆ ಎರಡೂ ಒಂದೇ ಬಿಲ್ಲಲ್ಲಿ ಬಂತು.

ಆಮೇಲೆ ಆಫೀಸಿನ ಸೆಕ್ಯುರಿಟಿ ತಾತ ಒಬ್ರು, "ಅದಲ್ಲಪ್ಪ ಟ್ಯಾಂಗೋ, ಶನಿವಾರ ನನ್ ಜೊತೆ ಬಾ" ಅಂದ್ರು. ವಿಲ್ಲಾ ಉರ್ಕೀಸಾ ಕಡೆ ಒಂದು ಏರಿಯಾ ಕ್ಲಬ್ಬು. ಹಗಲು ಮಕ್ಕಳು ಬಾಸ್ಕೆಟ್‌ಬಾಲ್ ಆಡೋ ಜಾಗ, ರಾತ್ರಿ ಸುತ್ತ ಟೇಬಲ್ ಹಾಕಿದ್ರೆ ಅದೇ ಮಿಲೊಂಗಾ, ಅಂದ್ರೆ ಊರಿನೋರು ಸೇರಿ ಟ್ಯಾಂಗೋ ಆಡೋ ಕೂಟ. ತಲೆ ಮೇಲೆ ಬಾಸ್ಕೆಟ್ಟು, ನೆಲದಲ್ಲಿ ಫ್ರೀ ಥ್ರೋ ಗೆರೆ, ಟ್ಯೂಬ್‌ಲೈಟು. ಅಜ್ಜೀರು ಬಟ್ಟೆ ಚೀಲದಿಂದ ಹೀಲ್ಸ್ ತೆಗೆದು ಹಾಕೊಂಡು ಮನೆ ಚಪ್ಪಲಿ ಚೀಲದೊಳಗೆ ತುರುಕ್ತಿದ್ರು. ಕೌಂಟರಲ್ಲಿ ಈರುಳ್ಳಿ ಚೀಸ್ ಎಂಪನಾಡ, ನೋಡೋಕೆ ಥೇಟ್ ನಮ್ಮ ಕರ್ಜಿಕಾಯಿ, ಅಂಚು ಮಡಚಿರೋದು ಕೂಡ ಅದೇ ತರ. ನಾನು ನಾಲ್ಕು ತಿಂದೆ. ಬಾಯಲ್ಲಿ ಗುಲಾಬಿ ಕಚ್ಚಿದೋರು ಒಬ್ರೂ ಇರ್ಲಿಲ್ಲ, ಹಲ್ಲಿನ ಸೆಟ್ಟು ಬಿದ್ದೋದೀತು ಅಂತಾನೋ ಏನೋ.

ಅಲ್ಲಿ ಹೋಗಿ "ಡಾನ್ಸ್ ಮಾಡ್ತೀರಾ" ಅಂತ ಕೇಳೋ ಹಾಗಿಲ್ಲ. ದೂರದಿಂದ ಕಣ್ಣಿಗೆ ಕಣ್ಣು ಸೇರಿಸ್ಬೇಕು, ಸಣ್ಣಗೆ ತಲೆ ಅಲ್ಲಾಡಿಸ್ಬೇಕು, ಆ ಕಡೆಯಿಂದಲೂ ತಲೆ ಅಲ್ಲಾಡಿದ್ರೆ ಒಪ್ಪಿಗೆ. ಕಬೆಸೆಯೋ ಅಂತಾರೆ. ಬೇಡ ಅಂದ್ರೆ ಕಣ್ಣು ತಪ್ಪಿಸಿದ್ರೆ ಆಯ್ತು, ಯಾರ ಮರ್ಯಾದೇನೂ ಹೋಗಲ್ಲ. ಎಷ್ಟು ನಾಜೂಕಾದ ವ್ಯವಸ್ಥೆ! ಅದರೊಳಗೆ ಒಬ್ಬ ಕನ್ನಡಿಗನ್ನ ತಂದು ಕೂರಿಸಿದ್ರೆ ಏನಾಗತ್ತೆ ಯೋಚ್ನೆ ಮಾಡಿ. ನಮ್ಮ ತಲೆ ನಮ್ಮ ಮಾತು ಕೇಳತ್ತಾ? ತಾತ ಏನೋ ಹೇಳ್ತಿದ್ರು, ನಾನು ಅಭ್ಯಾಸದಂತೆ ಆ ಕಡೆ ಈ ಕಡೆ ತಲೆ ತೂಗ್ತಾ "ಹಾಂ ಹಾಂ" ಅಂತಿದ್ದೆ, ಎದುರುಗಡೆ ಮೂರು ಟೇಬಲ್ಲಿಂದ ಮೂರು ಜನ ಹೆಂಗಸರು ಎದ್ದು ನಿಂತ್ರು. ಇಬ್ರು ಒಬ್ರನ್ನೊಬ್ರು ದುರುಗುಟ್ಟಿ ನೋಡಿ ಕೂತ್ರು. ಮೂರನೇವ್ರು, ನಮ್ಮ ದೊಡ್ಡಮ್ಮನ ವಯಸ್ಸು, ಬಂದು ಕೈ ಹಿಡ್ಕೊಂಡೇ ಬಿಟ್ರು.

ಕುಣಿಯೋಕೆ ನನಗೆ ಬರಲ್ಲ. ಅವ್ರೇ ನನ್ನನ್ನ ತುಂಬಿದ ಗ್ಯಾಸ್ ಸಿಲಿಂಡರ್ ತರ ಆ ಕಡೆ ಈ ಕಡೆ ಉರುಳಿಸ್ಕೊಂಡು ಒಂದು ಹಾಡು ಮುಗಿಸಿದ್ರು. ಪಾಪ ಅನ್ನಿಸ್ತು, ಮರ್ಯಾದೆಯಾಗಿ "ಗ್ರಾಸಿಯಾಸ್" ಅಂದೆ. ಅವ್ರ ಮುಖ ಕಪ್ಪಾಯ್ತು. ಒಂದು ಸುತ್ತಿಗೆ ಮೂರೋ ನಾಲ್ಕೋ ಹಾಡು, ಅದಕ್ಕೆ ತಾಂಡಾ ಅಂತ ಹೆಸರು, ಅದು ಮುಗಿಯೋ ಮುಂಚೆ ಥ್ಯಾಂಕ್ಸ್ ಅಂದ್ರೆ ಸಾಕು ಹೋಗಮ್ಮ ಅಂತ ಅರ್ಥವಂತೆ. ಇದು ತಾತ ಆಮೇಲೆ ಹೇಳಿದ್ದು, ನಕ್ಕು ನಕ್ಕು ಕೆಮ್ಮು ಬಂದ ಮೇಲೆ. ಆ ಅಮ್ಮನ ಹತ್ರ ಹೋಗಿ ಕೈ ಮುಗಿದೆ. ಅವ್ರು ಕೆನ್ನೆ ಹಿಂಡಿ ಕಳಿಸಿದ್ರು.

ಇಂಥಾ ಜಾಗಕ್ಕೆ ಸರ್ಕಾರ ಮಾಡಿದ್ದೇನು?

2004ರ ಡಿಸೆಂಬರ್ 30. ಅದೇ ಊರಿನ ಕ್ರೊಮಾನ್ಯೋನ್ ಅನ್ನೋ ರಾಕ್ ಹಾಲು. ಯಾರೋ ಹಚ್ಚಿದ ಪಟಾಕಿ ಚಾವಣಿಗೆ ತಗುಲ್ತು. ಸಾವಿರ ಚಿಲ್ಲರೆ ಜನಕ್ಕೆ ಪರ್ಮಿಷನ್ ಇದ್ದ ಕಡೆ ಅದರ ಎರಡು ಪಟ್ಟಿಗೂ ಜಾಸ್ತಿ ಜನ. ಎಮರ್ಜೆನ್ಸಿ ಬಾಗಿಲಿಗೆ ಬೀಗ. 194 ಜನ ಸತ್ರು, ಹೆಚ್ಚಿನವ್ರು ಹುಡುಗ ಹುಡುಗೀರು. ಬೀಗ ಹಾಕಿದ್ದ ಬಾಗಿಲು ಇನ್‌ಸ್ಪೆಕ್ಟರ್‌ಗಳಿಗೆ ಅಲ್ಲೀವರೆಗೆ ಯಾಕೆ ಕಾಣ್ಲಿಲ್ಲ ಅಂತ ಕೇಳಬೇಡಿ, 2010ರಲ್ಲಿ ಕಾರ್ಲ್ಟನ್ ಟವರ್ಸ್ ಹೊಗೆ ನೋಡಿದ ಬೆಂಗಳೂರಿನೋರು ನಾವು, ನಮಗೆ ಉತ್ತರ ಗೊತ್ತು. ಮೇಯರ್ ಕುರ್ಚಿ ಹೋಯ್ತು, ಅದು 2006ರಲ್ಲಿ. ಅಷ್ಟರೊಳಗೆ ನಗರದ ತುಂಬ ಡಾನ್ಸ್ ನಡೆಯೋ ಜಾಗಗಳಿಗೆಲ್ಲ ಬೀಗ, ಆಮೇಲೆ ರೂಲ್ಸ್ ಮೇಲೆ ರೂಲ್ಸು. ಮಿಲೊಂಗಾಗಳೂ ಸೇರ್ಕೊಂಡ್ವು. ಆಗ ಕಾನೂನಿನ ಕಣ್ಣಿಗೆ ಮೂರು ಸಾವಿರ ಜನ ಎಗರೋ ಹಾಲೂ ಒಂದೇ, ಎಂಬತ್ತು ಜನ ಮೊಣಕಾಲು ನೋವಿನೋರು ನಿಧಾನಕ್ಕೆ ಪ್ರದಕ್ಷಿಣೆ ಹಾಕೋ ಕ್ಲಬ್ಬೂ ಒಂದೇ.

ಬೆಂಕಿ ನಂದಿಸೋ ಸಿಲಿಂಡರ್ ಬೇಕು, ಬಾಗಿಲು ತೆರೆದಿರ್ಬೇಕು, ನೂರಕ್ಕೆ ನೂರು ಬೇಕು. ಯಾರೂ ಬೇಡ ಅಂದಿಲ್ಲ. ಬೇಕಾದ್ರೆ ಹಾಕಿಸಿ ಕೊಡ್ರಪ್ಪ. ಸ್ಟೀಲ್ ಸ್ಮಾರಕಕ್ಕೆ ದುಡ್ಡಿತ್ತು, ಉತ್ಸವದ ಲೈಟಿಂಗಿಗೆ ದುಡ್ಡಿದೆ, ಗಾರ್ಡೆಲ್ ಓಡಾಡಿದ ಅಬಾಸ್ತೋ ಮಾರ್ಕೆಟ್ಟನ್ನ ಶಾಪಿಂಗ್ ಮಾಲ್ ಮಾಡೋಕೆ ದುಡ್ಡು ಬಂತು. ಶನಿವಾರ ರಾತ್ರಿ ಆ ಅಮ್ಮ ಚೀಲದಿಂದ ಚಪ್ಪಲಿ ತೆಗಿತಾಳಲ್ಲ, ಅದೇ ಕಣ್ರೀ ಯುನೆಸ್ಕೋ ಕಾಗದದಲ್ಲಿ ಬರೆದಿರೋದು, ಬೇರೇನೂ ಅಲ್ಲ. ಅವಳ ಹೆಸರಲ್ಲಿ ಸರ್ಟಿಫಿಕೇಟ್ ತಗೊಂಡು ಅವಳಿಗೇ ನೋಟಿಸ್ ಅಂಟಿಸ್ತಾರೆ. ಸಾಕಾಗಿ ಹೋಗತ್ತೆ.

ಆಯ್ತು, ಬಿಡಿ. ಬ್ಯಾಂಡೋನಿಯನ್ ಕಥೆ ಹೇಳಿ ಮುಗಿಸ್ತೀನಿ, ಟ್ಯಾಂಗೋದ ಉಸಿರು ಅಂತಾರಲ್ಲ ಆ ಪೆಟ್ಟಿಗೆ. ಅದೂ ಅಲ್ಲಿಂದಲ್ಲ, ಜರ್ಮನಿಯಿಂದ ಬಂದಿದ್ದು. ನಮ್ಮ ಹಾರ್ಮೋನಿಯಂ ತರಾನೇ. ಫ್ರಾನ್ಸಿಂದ ಬಂದು ನಾಟಕ ಕಂಪನಿಗಳಲ್ಲಿ ಕಾಲಲ್ಲಿ ತುಳಿಸ್ಕೊಂಡು ನಮ್ಮದಾಗಿದ್ದನ್ನ ಆಕಾಶವಾಣಿ 1940ರಲ್ಲಿ ಫಾರಿನ್ ಪೆಟ್ಟಿಗೆ ಅಂತ ಹೊರಗಿಟ್ಟು ಮೂವತ್ತು ವರ್ಷ ಒಳಗೆ ಬಿಡ್ಲಿಲ್ಲ. ಅರ್ಜೆಂಟೀನಾದೋರು ಹಾಗೆ ಮಾಡ್ಲಿಲ್ಲ, ಅಪ್ಪಿಕೊಂಡ್ರು. ಆದ್ರೆ ಒಳ್ಳೊಳ್ಳೇ ಪೆಟ್ಟಿಗೆ ಮಾಡ್ತಿದ್ದ ಜರ್ಮನ್ ಫ್ಯಾಕ್ಟ್ರಿ ಎರಡನೇ ಮಹಾಯುದ್ಧ ಆದ್ಮೇಲೆ ನಿಂತೋಯ್ತು, ಇರೋ ಹಳೇ ಪೆಟ್ಟಿಗೆಗಳು ಒಂದೊಂದಾಗಿ ಡಾಲರ್ ಇರೋರ ಸೂಟ್‌ಕೇಸಲ್ಲಿ ದೇಶ ಬಿಟ್ವು, ನುಡಿಸೋ ಹುಡುಗ್ರಿಗೆ ಕೈಗೆಟುಕದ ರೇಟು. 2009ರಲ್ಲಿ ಎಚ್ಚರ ಆಗಿ ಹಳೇದನ್ನ ಹೊರಗೆ ಸಾಗಿಸಬಾರ್ದು ಅಂತ ಕಾನೂನು ಮಾಡಿದ್ರು. ಒಳ್ಳೇದೇ. ಪೆಟ್ಟಿಗೆಗಾದ್ರೂ ರಕ್ಷಣೆ ಸಿಕ್ತು.

ಇದನ್ನ ಯಾಕೆ ಹೇಳಿದೆ ಅಂದ್ರೆ ಮಧ್ಯಾಹ್ನ ಭಾವನ ವಾಯ್ಸ್ ಮೆಸೇಜ್ ಬಂತು, "ಏನಪ್ಪಾ, ಪಾಪುಗೆ ಒಂದು ಹಳೇ ಬ್ಯಾಂಡೋನಿಯನ್ ತರ್ಲಾ, ಶೋಕೇಸಲ್ಲಿ ಇಡೋಕೆ?" ಬೇಡ ಭಾವ, ಏರ್‌ಪೋರ್ಟಲ್ಲಿ ಹಿಡೀತಾರೆ ಅಂದೆ. ಬದಲಿಗೆ ಆ ಕ್ಲಬ್ಬಿನ ಅಡ್ರೆಸ್ ಕಳಿಸಿದೆ. ಹೋಗ್ಬನ್ನಿ, ಎಂಪನಾಡ ವೆಜ್ ಸಿಗತ್ತೆ, ತಲೆ ಮಾತ್ರ ಅಲ್ಲಾಡಿಸ್ಬೇಡಿ, ಮಧ್ಯದಲ್ಲಿ ಥ್ಯಾಂಕ್ಸ್ ಹೇಳ್ಬೇಡಿ.

ಇವತ್ತು ಬೆಳಗ್ಗೆ ಒಂದೇ ಸಲ ಟಿಣ್ ಅಂತು. ಹದಿನೆಂಟನೇ ಫೋಟೋ. ಎಳೆದಿರೋ ರೋಲಿಂಗ್ ಶಟರ್ರು, ಅದರ ಮೇಲೆ ಅಡ್ಡಡ್ಡ ಅಂಟಿಸಿರೋ ಕಾಗದದ ಪಟ್ಟಿ, ಪಕ್ಕದಲ್ಲಿ ಭಾವ, ಹ್ಯಾಟ್ ಇಲ್ಲ. ಕೆಳಗೆ ಬರೆದಿದಾರೆ: "ನೀನ್ ಹೇಳಿದ ಅಡ್ರೆಸ್ಸು ಇದೇ ಅಲ್ವೇನಪ್ಪಾ? ಕ್ಲೌಸುರಾದೋ ಅಂತ ಅಂಟಿಸಿದಾರೆ, ಹಾಗಂದ್ರೇನು?"

ಅಕ್ಕ ಇದಕ್ಕೆ ಹಾರ್ಟ್ ಹಾಕಿದಾಳೆ.