ಕೊನೇಲಿ ಹ್ಯಾಶ್!

20ನೇ ತಾರೀಕು ಜಿಎಸ್‌ಟಿ ರಿಟರ್ನ್‌ಗೆ ಕೊನೇ ದಿನ. ಅವತ್ತು ಆಡಿಟರ್ ಆಫೀಸು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾ? ಪೋರ್ಟಲ್ ತೆವಳೋದು ಮಾಮೂಲಿ. ಇವತ್ತು ನಮ್ಮ ವೈಫೈ ಕೂಡ ತೆವಳುತ್ತಿತ್ತು. ರೂಟರ್ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿದೆ. ಆಫೀಸಿನಲ್ಲಿರೋದು ಆರು ಜನ, ಕನೆಕ್ಟ್ ಆಗಿರೋದು ಮೂವತ್ತರ ಮೇಲೆ. ಅದರಲ್ಲಿ ಒಂದು ಟಿವಿ! ನಮ್ಮಲ್ಲಿ ಟಿವಿಯೇ ಇಲ್ಲ.

ಈ ವೈಫೈ ಭದ್ರ ಮಾಡೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಹಳೇ ರೂಟರ್‌ನಲ್ಲಿ ಇದ್ದದ್ದು ಡಬ್ಲ್ಯೂಇಪಿ ಅನ್ನೋ ಓಬೀರಾಯನ ಕಾಲದ ವೈಫೈ ಬೀಗ. ಅದನ್ನು ಒಡೆಯೋ ದಾರಿ 2001ರಲ್ಲೇ ಬಯಲಾಗಿದೆ, ಈಗ ಕೆಲವೇ ನಿಮಿಷದ ಕೆಲಸ. ಪಾರ್ಟಿಗಳ ಬ್ಯಾಂಕ್ ಸ್ಟೇಟ್‌ಮೆಂಟು ಪ್ರಿಂಟರ್‌ಗೆ ಹೋಗೋದು ಇದೇ ಗಾಳಿಯಲ್ಲಿ ಅಂತ ಬಾಸ್‌ಗೆ ಹೆದರಿಸಿ ಹೊಸ ರೂಟರ್ ತರಿಸಿದೆ. ಹೊಸ ಬೀಗ ಡಬ್ಲ್ಯೂಪಿಎ3 ನಮ್ಮ ಪ್ರಿಂಟರ್‌ಗೆ ಒಗ್ಗಲಿಲ್ಲ. ಸರಿ, ಅದರ ಹಿಂದಿನದು ಡಬ್ಲ್ಯೂಪಿಎ2 ಇಟ್ಟೆ, ಎಇಎಸ್ ಅನ್ನೋ ಗಟ್ಟಿ ಗೂಢಲಿಪಿ ಜೊತೆ. ಬಟನ್ ಒತ್ತಿದರೆ ಪಾಸ್‌ವರ್ಡ್ ಇಲ್ಲದೇ ಒಳಗೆ ಬಿಡೋ ಡಬ್ಲ್ಯೂಪಿಎಸ್ ಆಫ್ ಮಾಡಿದೆ. ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು, ನಾನು ಇಪ್ಪತ್ತು ಚಿಲ್ಲರೆ ಇಟ್ಟೆ. ಯಾವ ಕಂಪ್ಯೂಟರ್ ಹಚ್ಚಿದರೂ ಊಹಿಸೋಕೆ ಆಗಬಾರದು.

ಊಹಿಸೋ ದರ್ದಾದರೂ ಯಾರಿಗಿದೆ? ಅಕೌಂಟೆಂಟ್ ರಾಯರಿದ್ದಾರಲ್ಲ.

ಯಾರೇ ಬರಲಿ, ರಾಯರು ನೀರು-ಬೆಲ್ಲ ಕೊಟ್ಟ ಹಾಗೆ ಪಾಸ್‌ವರ್ಡ್ ಕೊಡುತ್ತಾರೆ. ಕಿವಿ ಸ್ವಲ್ಪ ಮಂದ, ಅದಕ್ಕೇ ದನಿ ಜೋರು. ಬಾಗಿಲಲ್ಲಿ ಸಿಗ್ನಲ್ ಚೆನ್ನಾಗಿದೆ ಅಂತ ಅಲ್ಲಿಗೇ ಕರೆದುಕೊಂಡು ಹೋಗಿ, ಕನ್ನಡಕ ಹಣೆಗೇರಿಸಿ ಶುರು ಮಾಡುತ್ತಾರೆ. "ಕ್ಯಾಪಿಟಲ್ ಕೆ. ಕೆ ಫಾರ್ ಕೋಲಾರ. ಆಮೇಲೆ ಸೊನ್ನೆ. ಓ ಅಲ್ರೀ, ಸೊನ್ನೆ! ಆಮೇಲೆ ಇಮೇಲಲ್ಲಿ ಬರುತ್ತಲ್ಲ, ಬಾಲ ಸುತ್ಕೊಂಡಿರೋ ಎ..." ಮೊನ್ನೆ ಹೀಗೇ ಪೂರ್ತಿ ಹೇಳಿದರು. ಬಂದವರ ಫೋನು ಒಪ್ಪಲಿಲ್ಲ. ಮತ್ತೆ ಕೆ ಫಾರ್ ಕೋಲಾರದಿಂದ ಶುರು. ಆಗಲೂ ಇಲ್ಲ. ಆಗ ಕೆಳಗಿನ ಜೆರಾಕ್ಸ್ ಅಂಗಡಿಯಿಂದ ಹುಡುಗ ಕೂಗಿದ: "ರಾಯರೇ, ಕೊನೇಲಿ ಹ್ಯಾಶ್ ಬಿಟ್ರಿ!"

ರಾಯರು ಬಗ್ಗಿ ನೋಡಿ, "ಥ್ಯಾಂಕ್ಸಪ್ಪಾ" ಅಂದರು.

ಬೈಯೋಣ ಅಂದರೆ ಬಾಯಿ ಬರಲ್ಲ. ಬೀದಿಗೊಂದು ಫೋನ್ ಇದ್ದ ಕಾಲದಲ್ಲಿ ಅದು ಇದ್ದದ್ದು ರಾಯರ ಮನೆಯಲ್ಲಿ. ಅಕ್ಕಪಕ್ಕದವರೆಲ್ಲ ಇವರ ನಂಬರನ್ನೇ 'ಪಿಪಿ' ಅಂತ ಮದುವೆ ಪತ್ರಿಕೆಗೂ ಹಾಕಿಸುತ್ತಿದ್ದರಂತೆ. ಟ್ರಂಕ್ ಕಾಲ್ ಬಂದರೆ ಎಂಜಲು ಕೈಯಲ್ಲೇ ಓಡಿ ಹೋಗಿ ಕರೆದುಕೊಂಡು ಬರುತ್ತಿದ್ದರಂತೆ. ಈಗ ಅಂಥ ಮನೆ ಎಲ್ಲಿದೆ ಹೇಳಿ.

ಆದರೂ ರಿಟರ್ನ್ ಹೋಗಬೇಕಲ್ವಾ? ಪಾಸ್‌ವರ್ಡ್ ಬದಲಿಸಿ, ಬಂದವರಿಗೆ ಅಂತಲೇ ಬೇರೆ ಗೆಸ್ಟ್ ನೆಟ್‌ವರ್ಕ್ ಮಾಡಿದೆ. ಅದರಲ್ಲಿ ನಮ್ಮ ಕಂಪ್ಯೂಟರ್, ಪ್ರಿಂಟರ್ ಯಾವುದೂ ಕಾಣಲ್ಲ. ಸ್ಪೀಡೂ ಕಮ್ಮಿ ಇಟ್ಟೆ. ರಾಯರನ್ನು ಕೂರಿಸಿಕೊಂಡು ಎಲ್ಲ ವಿವರಿಸಿದೆ. ತಲೆಯಾಡಿಸಿದರು.

ಸಂಜೆ ನೋಡಿದರೆ ಯಾರೋ ಪಾರ್ಟಿಗೆ ಆಫೀಸಿನ ಹೊಸ ಪಾಸ್‌ವರ್ಡನ್ನೇ ಒಪ್ಪಿಸುತ್ತಿದ್ದಾರೆ!

"ರಾಯರೇ, ಗೆಸ್ಟ್‌ದು ಕೊಡಿ ಅಂದಿದ್ನಲ್ಲ?"

"ಕೊಟ್ಟು ನೋಡ್ದೆ ಕಣಯ್ಯಾ, ಭಾರೀ ಸ್ಲೋ. ಬಂದವರಿಗೆ ಸ್ಲೋ ಇರೋದು ಕೊಟ್ಟು, ಫಾಸ್ಟ್ ಇರೋದು ನಾವಿಟ್ಕೊಂಡ್ರೆ ಚೆನ್ನಾಗಿರುತ್ತಾ?"