ಕ ಗಾಡಿ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಹನ್ನೊಂದು ಕನ್ನಡ ಮನೆಗಳಿವೆ. ಗಣೇಶೋತ್ಸವದ ವಂತಿಗೆಯಿರಲಿ, ನೀರಿನ ಟ್ಯಾಂಕ್ ತೊಳೆಸುವ ಸರದಿಯಿರಲಿ, ಎಲ್ಲದಕ್ಕೂ ಒಂದು ಎಕ್ಸೆಲ್ ಹಾಳೆ ಮಾಡಿಕೊಡುವವನು ನಾನು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ಮಾಡಿದವನಿಗೆ ನಿವೃತ್ತಿಯ ನಂತರ ತಾಳೆಯಾಗದ ಜಗತ್ತನ್ನು ಸುಮ್ಮನೆ ನೋಡುತ್ತ ಕೂರುವುದು ಕಷ್ಟ. ಜನವರಿಯ ಒಂದು ಭಾನುವಾರ ಎಲ್ಲರೂ ಸೇರಿ ಎಲ್ಲಿಗಾದರೂ ಹೋಗೋಣ ಎಂಬ ಮಾತು ಹುಟ್ಟಿದಾಗ, ಎಲ್ಲಿಗೆ ಎಂಬುದು ತೀರ್ಮಾನವಾಗುವ ಮೊದಲೇ ನಾನು ಲ್ಯಾಪ್‌ಟಾಪ್ ತೆರೆದಿದ್ದೆ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಭಿಪ್ರಾಯ ಕೇಳಿದೆ. ಇಪ್ಪತ್ತೆರಡು ಜನ ಹೆಬ್ಬೆರಳು ತೋರಿಸಿದರು. ಹೆಬ್ಬೆರಳೆಂದರೆ ‘ಬರುತ್ತೇವೆ’ ಎಂದಲ್ಲ, ‘ನೀವು ಬರೆದದ್ದನ್ನು ನೋಡಿದೆವು’ ಎಂದರ್ಥ. ಇದು ನನಗೆ ಮುಂಗಡ ಹಣ ಕೇಳಿದ ಮೇಲೆ ತಿಳಿಯಿತು. ಕೊನೆಗೆ ಉಳಿದವರು ಹದಿನಾಲ್ಕು ಮಂದಿ: ಗಂಡಸರು ಎಂಟು, ಹೆಂಗಸರು ಆರು.

ನನ್ನ ಮನಸ್ಸಿನಲ್ಲಿ ಇದ್ದದ್ದು ಬೆಟ್ಟದ ಮೇಲಿನ ಮಾಥೇರಾನ್. ಹೆಂಡತಿ ಮಾತ್ರ, “ಟಿಟ್ವಾಲಾ ಗಣಪತಿಗೆ ಹೋಗೋಣ” ಎಂದಳು. ಮೂರನೇ ಮಹಡಿಯ ಧಾರವಾಡದ ವೈನಿ ತಕ್ಷಣ ತಲೆಯಾಡಿಸಿದರು. ಆ ಗಣಪತಿಗೆ ಹರಕೆ ಹೊತ್ತರೆ ಮದುವೆ ಕೂಡಿಬರುತ್ತದೆ ಎಂದು ಇಲ್ಲಿನವರ ನಂಬಿಕೆ, ಅವರ ಮಗನಿಗೋ ಮೂವತ್ತಮೂರು ತುಂಬಿದೆ.

“ಐದನೇ ಸ್ಟೇಷನ್ನಿನಲ್ಲಿರುವ ಗುಡಿಗೆ ಹೋಗಲು ಯೋಜನೆ ಯಾಕೆ ಬೇಕು?” ಎಂದೆ.

“ಅದಕ್ಕೇ ಹೇಳಿದ್ದು” ಎಂದಳು.

ನಾನು ಕೇಳಿಸಿಕೊಳ್ಳದವನಂತೆ ಹಾಳೆಗೆ ಬಣ್ಣ ತುಂಬಿದೆ. ನಾಲ್ಕು ಪುಟಗಳ ಯೋಜನೆ, ಹದಿನಾಲ್ಕು ಪ್ರತಿ. ಮೊದಲ ಪುಟದಲ್ಲಿ ವೇಳಾಪಟ್ಟಿ. ಎರಡನೆಯದರಲ್ಲಿ ಯಾರು ಏನು ತರಬೇಕು: ಚಪಾತಿ, ಶೇಂಗಾ ಚಟ್ನಿ, ಚಿತ್ರಾನ್ನ, ಮೊಸರು ಎಲ್ಲ ಹೆಂಗಸರ ಚೀಲದಲ್ಲಿ, ಹಣ ಮತ್ತು ಮಾತ್ರೆ ನನ್ನ ಚೀಲದಲ್ಲಿ. ಮೂರನೆಯದು ಇತಿಹಾಸ, ನನ್ನ ಹೆಮ್ಮೆಯ ಪುಟ. ನಾಲ್ಕನೆಯದು ‘ಆಕಸ್ಮಿಕಗಳು’ ಎಂಬ ಶೀರ್ಷಿಕೆಯಡಿ ಖಾಲಿ ಗೆರೆಗಳು. ಏನೂ ಆಗುವುದಿಲ್ಲ ಎಂಬ ಧೈರ್ಯದಲ್ಲಿ ಖಾಲಿ ಬಿಟ್ಟಿದ್ದೆ.

ವೇಳಾಪಟ್ಟಿಯಲ್ಲಿ ಒಂದು ಸಣ್ಣ ತೊಡಕಿತ್ತು. ‘ಹತ್ತಬೇಕಾದ ಗಾಡಿ’ ಎಂಬ ಕಾಲಮ್ ತೀರ ಕಿರಿದಾಗಿ, ಮಾಥೇರಾನ್ ಕಡೆಗೆ ಹೋಗುವ ‘ಕರ್ಜತ್’ ಗಾಡಿಯ ಹೆಸರು ಬರೆದರೆ ಪಕ್ಕದ ‘ತಿಂಡಿ’ ಕಾಲಮಿನೊಳಗೆ ನುಗ್ಗುತ್ತಿತ್ತು. ಅಂದಕ್ಕೆ ಕುಂದು ಬರಬಾರದೆಂದು ಬರೀ ‘ಕ’ ಎಂದು ಹಾಕಿದೆ. ಸ್ಟೇಷನ್ನಿನ ಫಲಕದಲ್ಲಿ ಕರ್ಜತ್ ಗಾಡಿಯ ಗುರುತು ‘ಎಸ್’, ಕಸಾರಾ ಗಾಡಿಯದು ‘ಎನ್’. ಮುಂಬಯಿಯಲ್ಲಿ ಇಷ್ಟು ವರ್ಷ ಕಳೆದವರಿಗೆ ಇದನ್ನೂ ಹೇಳಿಕೊಡಬೇಕೇ? ಅದರಲ್ಲೂ ನನ್ನ ಹೆಂಡತಿ ಇಪ್ಪತ್ತಾರು ವರ್ಷ ಘಾಟ್ಕೋಪರಿನ ಶಾಲೆಗೆ ಲೋಕಲ್‌ನಲ್ಲಿ ಹೋಗಿ ಬಂದವಳು. ಫಲಕವನ್ನು ಓದದೆ ಬರೀ ಜನ ನಿಂತ ರೀತಿ ನೋಡಿಯೇ ಬರುವ ಗಾಡಿ ಫಾಸ್ಟೋ ಸ್ಲೋವೋ ಹೇಳಬಲ್ಲಳು.

ಹಿಂದಿನ ರಾತ್ರಿ ನೀರಿನ ಬಾಟಲಿ ಇಡಲು ಫ್ರಿಜ್ ತೆರೆದಾಗ ನನ್ನ ಇತಿಹಾಸದ ಪುಟದಲ್ಲಿ ಏನೋ ಹಸಿರು ಸುತ್ತಿಟ್ಟದ್ದು ಕಂಡಿತು. ಚಿತ್ರಾನ್ನಕ್ಕೆ ಕೊತ್ತಂಬರಿ ಇರಬೇಕು, ಸದ್ಯ ಆ ಪುಟ ಒಂದು ಉಪಯೋಗಕ್ಕಾದರೂ ಬಂತು ಎಂದುಕೊಂಡು ಬಾಗಿಲು ಮುಚ್ಚಿದೆ.

ಬೆಳಿಗ್ಗೆ ಸ್ಟೇಷನ್ನಿನಲ್ಲಿ ಹೆಂಗಸರು ಎಂದಿನಂತೆ ಮಹಿಳಾ ಡಬ್ಬಿ ನಿಲ್ಲುವ ಕಡೆಗೆ ಹೋದರು. ನಾವು ಪ್ಲಾಟ್‌ಫಾರಮ್ಮಿನ ಇನ್ನೊಂದು ತುದಿಯಲ್ಲಿ ನಿಂತೆವು. ಒಂದು ಗಾಡಿ ಬಂದು ಹೋಯಿತು. ನಂತರ ನಮ್ಮ ಕರ್ಜತ್ ಗಾಡಿ ಬಂತು. ಬದ್ಲಾಪುರ, ವಾಂಗಣಿ, ಶೇಲು ದಾಟಿ, ಮಾಥೇರಾನ್ ಬೆಟ್ಟದ ಬುಡದ ನೇರಳ್‌ನಲ್ಲಿ ಇಳಿದು ತಲೆ ಎಣಿಸಿದೆ. ಎಂಟು. ಇನ್ನೊಮ್ಮೆ ಎಣಿಸಿದೆ, ನನ್ನನ್ನೂ ಸೇರಿಸಿ. ಆಗಲೂ ಎಂಟೇ.

ಫೋನ್ ಮಾಡಿದೆ.

“ನಾವು ಟಿಟ್ವಾಲಾದಲ್ಲಿ ಇಳಿದೆವು” ಎಂದಳು ಹೆಂಡತಿ. ಹಿಂದೆ ಗಂಟೆಯ ಸದ್ದು. “ಚೀಟಿಯಲ್ಲಿ ಕ ಗಾಡಿ ಎಂದಿತ್ತು. ಮೊದಲು ಬಂದ ಕ ಗಾಡಿ ಹತ್ತಿದೆವು.”

“ಅದು ಕಸಾರಾ ಗಾಡಿ!”

“ಕಸಾರಾ ಎಂದು ಬರೆಯುವುದು ಯಾವ ಅಕ್ಷರದಿಂದ?”

“ಕಲ್ಯಾಣದಲ್ಲಿ ಹಳಿ ಕವಲೊಡೆಯುತ್ತದೆ, ಅಲ್ಲಾದರೂ ಇಳಿಯಬಾರದಿತ್ತೇ?”

“ಕಲ್ಯಾಣವೂ ಕ. ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂದು ಚೀಟಿಯಲ್ಲಿ ಇರಲಿಲ್ಲ. ಯೋಜನೆಯನ್ನು ಮೀರಬಾರದೆಂದು ನೀವೇ ದಪ್ಪ ಅಕ್ಷರದಲ್ಲಿ ಬರೆದಿದ್ದೀರಲ್ಲ” ಎಂದು ಫೋನ್ ಇಟ್ಟಳು.

ನಾನು ನಾಲ್ಕನೇ ಪುಟ ತೆರೆದು ‘ಆಕಸ್ಮಿಕಗಳು’ ಎಂಬುದರ ಕೆಳಗೆ ‘1’ ಎಂದು ಬರೆದು ಪೆನ್ನು ಮುಚ್ಚಿದೆ.

ಬೆಟ್ಟ ಹತ್ತುವ ಪುಟಾಣಿ ರೈಲಿನ ಟಿಕೆಟ್ ಸಾಲಿನಲ್ಲಿ ಗುಂಪಿನ ಹುಮ್ಮಸ್ಸು ಉಳಿಸುವುದು ನಾಯಕನ ಕೆಲಸವೆಂದು ಇತಿಹಾಸ ಶುರು ಮಾಡಿದೆ. 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಈ ಬೆಟ್ಟ ಹತ್ತಿದ್ದು, ಆಮೇಲೆ ಅಬ್ದುಲ್ ಹುಸೇನ್ ಆದಮ್‌ಜಿ ಪೀರ್‌ಭಾಯ್ ಎಂಬವರು ಈ ರೈಲು ಕಟ್ಟಿಸಿದ್ದು, 1907ರಲ್ಲಿ ಅದು ಓಡಾಡತೊಡಗಿದ್ದು, ಎರಡೇ ಅಡಿ ಅಗಲದ ಹಳಿ, ಸುಮಾರು 21 ಕಿಲೋಮೀಟರ್ ದಾರಿ. ಇರುವ ಒಂದೇ ಸುರಂಗಕ್ಕೆ ‘ಒನ್ ಕಿಸ್ ಟನಲ್’ ಎಂದು ಹೆಸರು. ಅದನ್ನು ದಾಟಲು ಹಿಡಿಯುವ ಹೊತ್ತು ಅಷ್ಟೇ ಎಂದು ವಿವರಿಸಲು ಹೊರಟಾಗ ನಮ್ಮ ಗುಂಪಿನ ಕಾಕಾ ನನ್ನ ತೋಳು ತಟ್ಟಿದರು. ಸಾಲು ಕರಗಿಹೋಗಿತ್ತು, ಕಿಟಕಿ ಮುಚ್ಚಿತ್ತು. ನಮ್ಮ ಹಿಂದೆ ನಿಂತಿದ್ದ ಗುಜರಾತಿ ಕುಟುಂಬ ಇತಿಹಾಸ ಕೇಳದೆ ಮುಂದೆ ಹೋಗಿ ಟಿಕೆಟ್ ತೆಗೆದುಕೊಂಡಿತ್ತು.

ಟ್ಯಾಕ್ಸಿಯಲ್ಲಿ ದಸ್ತೂರಿ ನಾಕಾ ತಲುಪಿದೆವು. ಅಲ್ಲಿಂದಾಚೆ ಹೊರಗಿನ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕುದುರೆ ಹತ್ತಬಹುದು, ನಡೆಯಬಹುದು. ಪಕ್ಕದ ಅಮನ್ ಲಾಡ್ಜ್ ಸ್ಟೇಷನ್‌ನಿಂದ ಪುಟ್ಟ ರೈಲೂ ಇದೆ, ಆದರೆ ಮತ್ತೊಂದು ಸಾಲಿನಲ್ಲಿ ನಿಲ್ಲಲು ಗುಂಪು ಒಪ್ಪಲಿಲ್ಲ. ನಾನು ಅಲ್ಲಿ ಮತ್ತೆ ಇತಿಹಾಸ ಹೇಳಬಹುದೆಂಬ ಭಯವಿತ್ತೋ ಏನೋ. ನಡೆದೆವು. ಮಾಥೇರಾನಿನ ಕೆಂಪು ಮಣ್ಣು ಮೊದಲು ಬೂಟಿಗೆ, ಆಮೇಲೆ ಕಾಲುಚೀಲಕ್ಕೆ, ಕೊನೆಗೆ ಹೇಗೋ ಕಿವಿಯೊಳಕ್ಕೆ ಏರಿತು.

ಹನ್ನೆರಡೂವರೆಗೆ ಕಾಕಾಗೆ ಊಟವಾಗಲೇಬೇಕು, ಸಕ್ಕರೆ ಕಾಯಿಲೆ. ಮಾತ್ರೆ ನನ್ನ ಬಳಿ ಇತ್ತು, ಊಟ ಟಿಟ್ವಾಲಾದಲ್ಲಿ. ವಡಾಪಾವ್ ಕೊಂಡು ಕಟ್ಟೆಯ ಮೇಲೆ ಕೂತೆವು. ಕಾಕಾ ಪಾವ್ ಬಿಡಿಸಿ ವಡೆಯ ಗಾತ್ರ ನೋಡುತ್ತಿದ್ದ ಆ ಒಂದು ಗಳಿಗೆಯಲ್ಲಿ ಮೇಲಿನ ಕೊಂಬೆಯಿಂದ ಮಂಗವೊಂದು ಇಳಿದು, ಕಿತ್ತುಕೊಳ್ಳಲೂ ಇಲ್ಲ, ಸುಮ್ಮನೆ ಕೈಚಾಚಿ ತೆಗೆದುಕೊಂಡಿತು, ಕೊಟ್ಟ ಸಾಲ ಹಿಂಪಡೆದಂತೆ. ವಡೆ ತಿಂದು ಪಾವ್ ಅನ್ನು ನಮ್ಮ ಕಡೆಗೆ ಎಸೆಯಿತು. ಅದೇ ಹೊತ್ತಿಗೆ ಗುಂಪಿನಲ್ಲಿ ಒಂದು ಫೋಟೊ ಬಂತು. ಗುಡಿಯ ಪಕ್ಕದ ಕೆರೆಯ ಬಳಿ ಆರು ಹೆಂಗಸರು, ನಡುವೆ ತೆರೆದ ಡಬ್ಬಿಗಳು. ಕಾಕಾ ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಚಪಾತಿ ಎಣಿಸಿದರು. ಆಮೇಲೆ ಎಕೋ ಪಾಯಿಂಟಿನಲ್ಲಿ ಎಲ್ಲರೂ ತಮ್ಮ ತಮ್ಮ ಹೆಸರು ಕೂಗಿದರೆ ಅವರು “ಚಪಾತಿ” ಎಂದು ಕೂಗಿದರು. ಕಣಿವೆ “ಪಾತಿ, ಪಾತಿ” ಎಂದಿತು. ಆ ದಿನ ಅವರು ನಕ್ಕದ್ದು ಆಗ ಮಾತ್ರ.

ರಾತ್ರಿ ಒಂಬತ್ತಕ್ಕೆ ಮನೆ ಸೇರಿದೆವು. ಹೆಂಗಸರು ಮೂರು ಗಂಟೆಗೇ ಬಂದು ಮಧ್ಯಾಹ್ನದ ನಿದ್ದೆಯನ್ನೂ ಮುಗಿಸಿದ್ದರು. ನಾನು ಬೂಟು ಕೂಡ ಬಿಚ್ಚದೆ ಲೆಕ್ಕಕ್ಕೆ ಕೂತೆ. ಟ್ಯಾಕ್ಸಿ, ಪ್ರವೇಶ ತೆರಿಗೆ, ಎರಡನೇ ಸಲದ ವಡಾಪಾವ್. ಇದನ್ನು ಎಂಟರಿಂದ ಭಾಗಿಸಬೇಕೋ ಹದಿನಾಲ್ಕರಿಂದಲೋ ಎಂದು ಗುಂಪಿನಲ್ಲಿ ಕೇಳಿದೆ. ಆರು ಹೆಬ್ಬೆರಳುಗಳು ಬಂದವು. ಯಾವುದಕ್ಕೆಂದು ತಿಳಿಯಲಿಲ್ಲ.

“ಮೊದಲು ಪ್ರಸಾದ ತೆಗೆದುಕೊಳ್ಳಿ” ಎಂದು ಹೆಂಡತಿ ಒಂದು ಪೊಟ್ಟಣ ಮುಂದಿಟ್ಟಳು. “ವೈನಿಯ ಮಗನ ಹೆಸರಲ್ಲಿ ಅರ್ಚನೆ ಚೆನ್ನಾಗಿ ಆಯಿತು.”

ಬಿಚ್ಚಿದೆ. ಎರಡು ಪೇಢೆ, ಒಂದು ಚೂರು ಕೊಬ್ಬರಿ, ಮೇಲೆ ಬಾಡಿದ ನಾಲ್ಕೈದು ಎಳೆ ಗರಿಕೆ. ಸುತ್ತಿದ ಕಾಗದ ನನ್ನ ಮೂರನೇ ಪುಟ. ಫ್ರಿಜ್ಜಿನ ತೇವಕ್ಕೆ 1850 ಎಂಬುದು ಪೂರ್ತಿ ಕಲಸಿಹೋಗಿತ್ತು, 1907 ಇನ್ನೂ ಓದಲು ಬರುತ್ತಿತ್ತು.